ಜೈಲಿನಿಂದ ಬಂದ ಹಾಡು

ಶಿರಸಿಯ ಬಸ್‌ಸ್ಟ್ಯಾಂಡ್ ಸಮೀಪದ ಕನ್ನಡಕದಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳು ಕಡಿಮೆ. ತನುಜಾ ಫ್ರೇಮುಗಳನ್ನು ಒರೆಸಿಡುತ್ತ ಸಣ್ಣಗೆ ಗುನುಗುತ್ತಿದ್ದಳು. ಹಗಲು ಇಲ್ಲಿ ಕೆಲಸ, ಸಂಜೆ ಉಲ್ಲಾಸ ಮತ್ತು ನವೀನನ ಜೊತೆ ಕಟ್ಟಿಕೊಂಡ ರಾಕ್ ಬ್ಯಾಂಡಿನಲ್ಲಿ ಹಾಡುಗಾರಿಕೆ. ಶನಿವಾರ ಯಲ್ಲಾಪುರದಲ್ಲಿ ಅವರ ಕಾರ್ಯಕ್ರಮವಿತ್ತು.

‘ಮಲಗೋ ಅಣ್ಣ ಮಲಗೋ, ದಾರಿಯ ನಾ ಕಾಯುವೆ...’

ಎದುರಿನ ಕುರ್ಚಿಯಲ್ಲಿ ಕನ್ನಡಕ ಹಾಕಿ ನೋಡುತ್ತಿದ್ದ ಗುರುಶಾಂತವ್ವ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ‘ಪ್ರತಿಭಾ, ಮನೀಗೆ ಹೋಗೂಣ ನಡಿ,’ ಎಂದು ಪಕ್ಕದಲ್ಲಿದ್ದ ಮಗಳಿಗೆ ಹೇಳಿದರು.

‘ಎಂತ ಆಯ್ತು ಅಮ್ಮ? ನಂಬರ್ ಸರಿ ಬರ್ಲಿಲ್ವಾ?’ ತನುಜಾ ಗಾಬರಿಯಿಂದ ಕೇಳಿದಳು.

‘ನಂಬರ್ ಸರಿ ಐತ್ರಿ,’ ಎಂದಳು ಪ್ರತಿಭಾ. ‘ನೀವು ಹಾಡಿದ್ದು ಯಾರ ಹಾಡು ಗೊತ್ತೈತೇನ್ರಿ?’

ತನುಜಾಗೆ ಗೊತ್ತಿತ್ತು. ಘಟ್ಟದ ರಸ್ತೆಯಲ್ಲಿ ಲಾರಿ ಚಾಲಕರನ್ನು ಕೊಂದು ಸರಕು ದೋಚಿದ ಒಬ್ಬನದು. ಪತ್ರಿಕೆಗಳು ಅವನನ್ನು ‘ಘಾಟಿ ರಾಜ’ ಎಂದು ಕರೆದಿದ್ದವು. ಜೀವಾವಧಿ ಶಿಕ್ಷೆ ಅನುಭವಿಸುತ್ತ ಅವನು ಬರೆದ ಹಾಡು ಹೇಗೋ ಹೊರಬಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಉಲ್ಲಾಸ ಅದಕ್ಕೆ ಗಿಟಾರ್ ಕೂರಿಸಿದ ಮೇಲೆ ಬ್ಯಾಂಡಿಗೂ ಹೆಸರು ಬಂತು. ಯಲ್ಲಾಪುರದ ಪೋಸ್ಟರಿನಲ್ಲಿ ‘ಜೈಲಿನಿಂದ ಬಂದ ಹಾಡು’ ಎಂದೇ ದೊಡ್ಡದಾಗಿ ಅಚ್ಚಾಗಿತ್ತು.

‘ನಮ್ಮಪ್ಪ ಸಂಗಯ್ಯ, ಎಕ್ಕಂಬಿಯವರು. ಲಾರಿ ಓಡಸ್ತಿದ್ರು,’ ಪ್ರತಿಭಾ ದನಿ ಏರಿಸದೆ ಹೇಳಿದಳು. ‘ನಿದ್ದಿ ಬಂತಂತ ಘಟ್ಟದಾಗ ಗಾಡಿ ನಿಲ್ಲಿಸಿದ್ರು. ಅವ ಚಾ ತಂದು ಕೊಟ್ಟ. ನೀ ಮಲಗಣ್ಣ, ಗಾಡಿ ನಾ ಕಾಯ್ತೀನಿ ಅಂದ. ಕೋರ್ಟಿನಾಗ ಅವನ ಬಾಯಿಂದನ ಕೇಳೀವಿ.’

ಇಷ್ಟು ದಿನ ಅದನ್ನು ಜೋಗುಳವೆಂದುಕೊಂಡು ಹಾಡಿದ್ದ ತನುಜಾ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. ‘ನಂಗೆ ಗೊತ್ತಿರ್ಲಿಲ್ಲ, ಅಮ್ಮ.’

‘ಹಾಡಬ್ಯಾಡ ಅನ್ನಾಕ ನಾ ಯಾರವ್ವ?’ ಗುರುಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ‘ಕೇಳಿದವರಿಗೆ ಚಂದ ಅನಸ್ತೈತಿ. ಆದ್ರ ಅವನ ಹೆಸರು ಹುಡುಗೂರ ಅಂಗಿ ಮ್ಯಾಲೆ ಬಂದೈತಿ. ನಮ್ಮವರ ಹೆಸರು ಯಾರ ಬಾಯಾಗೂ ಇಲ್ಲ.’

ಆ ಸಂಜೆ ಬಡಗಿ ಅಂಗಡಿಯ ಮಾಳಿಗೆಯಲ್ಲಿ ಅಭ್ಯಾಸಕ್ಕೆ ಸೇರಿದಾಗ ತನುಜಾ ನಡೆದದ್ದನ್ನೆಲ್ಲ ಹೇಳಿ, ‘ನಾನು ಆ ಹಾಡು ಹಾಡೂದಿಲ್ಲ,’ ಎಂದಳು.

ಉಲ್ಲಾಸ ಗಿಟಾರ್ ಕೆಳಗಿಟ್ಟ. ‘ಆ ಅಮ್ಮನಿಗೆ ನೋವಾಗಿದ್ದು ಸುಳ್ಳಲ್ಲ. ಆದ್ರೆ ಬರೆದವ್ನು ಕೆಟ್ಟವ ಅಂದ್ಕೂಡ್ಲೇ ಹಾಡೂ ಕೆಟ್ಟದಾಗ್ತದಾ? ಜೈಲಲ್ಲಿದ್ದವ್ನು ಬರೀಲೇಬಾರ್ದಾ? ನಾಳೆ ಪ್ರತಿ ಹಾಡಿಗೂ ಬರೆದವ್ನ ನಡತೆ ನೋಡ್ತಾ ಕೂರೂದಾ?’

‘ಬದಲಾದ ಮನುಷ್ಯ ಬರೆದಿದ್ರೆ ನಾನೇ ಮುಂದೆ ನಿಂತು ಹಾಡ್ತಿದ್ದೆ, ಉಲ್ಲಾಸ. ಇದ್ರಲ್ಲಿ ಅವ್ನು ಮಾಡಿದ್ದನ್ನ ಮತ್ತೊಮ್ಮೆ ಮಾಡಿ ಖುಷಿಪಡ್ತಿದ್ದಾನೆ. ನಾವು ಅವ್ನಿಗೆ ದನಿ ಕೊಡ್ತಿದ್ದೇವೆ.’

ಡ್ರಮ್ಸ್ ಹಿಂದೆ ಕುಳಿತಿದ್ದ ನವೀನ ತಲೆ ಕೆರೆದುಕೊಂಡ. ‘ಅದೆಲ್ಲ ಸರಿ ಮಾರಾಯ್ತಿ. ಆ ಹಾಡಿಲ್ದೆ ಹೋದ್ರೆ ಯಲ್ಲಾಪುರದವ್ರು ನಮ್ಮನ್ನ ಕೂಗಿ ಕೆಳಗಿಳಿಸ್ತಾರೆ.’

‘ನೀನು ಹಾಡ್ದಿದ್ರೆ ನಾನೇ ಹಾಡ್ತೆ,’ ಎಂದ ಉಲ್ಲಾಸ. ಅವನ ವರ್ಷಗಳ ಕನಸು ಈಗಷ್ಟೇ ಕೈಗೆ ಸಿಕ್ಕಿತ್ತು. ತನುಜಾ ಮೆಟ್ಟಿಲಿಳಿದು ಹೋದಳು.

ನವೀನನೂ ಹೋದ ಮೇಲೆ ಉಲ್ಲಾಸ ಒಬ್ಬನೇ ಹಾಡಲು ಕುಳಿತ. ‘ಮಲಗೋ ಅಣ್ಣ’ ಎಂಬಲ್ಲಿಗೆ ಬಂದಾಗ, ಚಹಾ ಲೋಟ ಹಿಡಿದು ನಂಬಿಕೆಯಿಂದ ಕಣ್ಣು ಮುಚ್ಚಿದ ಮನುಷ್ಯನೊಬ್ಬ ಮನಸ್ಸಿನಲ್ಲಿ ಮೂಡಿದ. ಮತ್ತೆ ಮೊದಲಿನಿಂದ ಶುರು ಮಾಡಿದ. ಹಾಡು ಅಲ್ಲೇ ನಿಂತಿತು. ಮರುದಿನ ತನುಜಾಗೆ ಫೋನ್ ಮಾಡಿ, ಅಂಗಡಿಯ ಪುಸ್ತಕದಲ್ಲಿ ಬರೆದಿಟ್ಟಿದ್ದ ಪ್ರತಿಭಾಳ ನಂಬರ್ ಕೇಳಿದ. ಯಾಕೆಂದು ಹೇಳಲಿಲ್ಲ.

ಯಲ್ಲಾಪುರದ ಮೈದಾನ ಶನಿವಾರ ಸಂಜೆಗೇ ತುಂಬಿತ್ತು. ಮೊದಲ ಹಾಡುಗಳಿಗೆ ಚಪ್ಪಾಳೆ ಬಿತ್ತು. ಆಮೇಲೆ ಮುಂದಿನ ಸಾಲಿನವರು ‘ಘಾಟಿ ರಾಜ, ಘಾಟಿ ರಾಜ’ ಎಂದು ಕೂಗತೊಡಗಿದರು. ಉಲ್ಲಾಸ ಮೈಕಿನ ಹತ್ತಿರ ಬಂದ. ಅವನು ಹಾಡಿಯೇಬಿಡುತ್ತಾನೆ ಎಂದು ತನುಜಾ ಹಿಂದೆ ಸರಿದಳು.

‘ಆ ಹಾಡು ನಾವಿನ್ನು ಹಾಡೂದಿಲ್ಲ,’ ಎಂದ ಉಲ್ಲಾಸ. ‘ಅದ್ರಲ್ಲಿ ಮಲಗಿದ ಅಣ್ಣನಿಗೆ ಒಂದು ಹೆಸರಿತ್ತು. ಸಂಗಯ್ಯ. ಎಕ್ಕಂಬಿಯ ಲಾರಿ ಡ್ರೈವರ್. ನಂಬಿ ಮಲಗಿದವರು ಮತ್ತೆ ಏಳಲಿಲ್ಲ. ಅವ್ರ ಮನೆಯವ್ರನ್ನ ಕೇಳಿಯೇ ಈ ಹೆಸರು ಹೇಳ್ತಿದ್ದೇನೆ.’

ಕೆಲವರು ಸಿಳ್ಳೆ ಹಾಕಿ ಗೇಲಿ ಮಾಡಿದರು. ಹಿಂದಿನಿಂದ ಒಂದು ಗುಂಪು ಎದ್ದು ಹೋಯಿತು. ಮುಂದಿನ ಸಾಲಿನ ಕೂಗು ಮಾತ್ರ ಅಡಗಿತು. ನವೀನ ಕಾಯಲಿಲ್ಲ, ತಮ್ಮದೇ ಹಳೆಯ ಹಾಡೊಂದಕ್ಕೆ ಡ್ರಮ್ಸ್ ಶುರು ಮಾಡಿದ. ತನುಜಾ ಮುಂದೆ ಬಂದು ಹಾಡಿದಳು. ಹೋದವರು ಹೋದರು, ಉಳಿದವರು ಕೊನೆಯವರೆಗೂ ಕೇಳಿದರು.

ಕಾರ್ಯಕ್ರಮ ಮುಗಿದು ಸ್ಪೀಕರುಗಳನ್ನು ವ್ಯಾನಿಗೆ ಏರಿಸುವಾಗ ಪ್ರತಿಭಾ ಬಂದಳು. ಉಲ್ಲಾಸ ಕರೆದಿದ್ದರಿಂದ ಅವಳೂ ಜನರ ನಡುವೆ ನಿಂತಿದ್ದಳು. ಮೊಬೈಲ್ ತೆಗೆದು ತಾಯಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

‘ಅವ್ವ, ಅವರು ಆ ಹಾಡು ಹಾಡ್ಲಿಲ್ಲ. ಅಪ್ಪನ ಹೆಸರು ಹೇಳಿದ್ರು.’

ಗುರುಶಾಂತವ್ವ ಆ ಕಡೆಯಿಂದ ಕೇಳಿದರು:

‘ಜೋರಾಗಿ ಹೇಳಿದ್ರೇನು?’

‘ಮೈಕಿನಾಗ ಹೇಳಿದ್ರವ್ವ. ಮೈದಾನಕ್ಕೆಲ್ಲ ಕೇಳಿಸ್ತು.’

ಗುರುಶಾಂತವ್ವ ಉಸಿರು ಬಿಟ್ಟದ್ದು ವ್ಯಾನಿನ ಬಳಿ ನಿಂತವರಿಗೆಲ್ಲ ಕೇಳಿಸಿತು. ‘ಚಲೋ ಆತು,’ ಎಂದರು. ‘ಆ ಹುಡುಗೂರು ಉಂಡಾರೇನು ಕೇಳು. ಇಲ್ಲಂದ್ರ ಮನೀಗೆ ಕರಕೊಂಡು ಬಾ. ರೊಟ್ಟಿ ಬಡೀತೀನಿ.’