ನಾಲ್ಕನೆಯ ಲಾಳ

ಮೂರು ಕಾಲಿಗೆ ಲಾಳ ಹೊಡೆದಾದ ಮೇಲೆ ಮಾವ ಸುತ್ತಿಗೆ ಕೆಳಗಿಟ್ಟು, ಸೊಂಟಕ್ಕೆ ಕಟ್ಟಿದ ತೊಗಲಿಗೆ ಕೈ ಒರೆಸಿಕೊಂಡು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ. ಕುದುರೆ ನಾಲ್ಕನೆಯ ಕಾಲನ್ನು ಅರ್ಧ ಎತ್ತಿ, ಇದೇನು ನಡುವೆಯೇ ಬಿಟ್ಟರಲ್ಲ ಎಂಬಂತೆ ನಿಂತಿರುತ್ತಿತ್ತು. ಅದರ ಯಜಮಾನ ಮೊದಲು ಆಕಾಶ ನೋಡುವನು, ಆಮೇಲೆ ತನ್ನ ಚಪ್ಪಲಿ ನೋಡುವನು, ಕೊನೆಗೆ ಜೇಬಿಗೆ ಕೈ ಹಾಕುವನು. ದುಡ್ಡು ಬಂದ ಮೇಲೆಯೇ ನಾಲ್ಕನೆಯ ಕಾಲು ಮಾವನ ತೊಡೆಗೆ ಬರುತ್ತಿದ್ದುದು. ಮೂರು ಲಾಳದ ಕುದುರೆಯನ್ನು ಹಾಗೇ ನಡೆಸಿಕೊಂಡು ಹೋದವನು ನಲವತ್ತು ವರ್ಷದಲ್ಲಿ ಒಬ್ಬನೂ ಇರಲಿಲ್ಲ.

ಚಿಕ್ಕವಳಿದ್ದಾಗ ಅವನ ಅಕ್ಕನ ಮಗಳಿಗೆ ಇದನ್ನು ಕಂಡರೆ ನಾಚಿಕೆ. ಒಮ್ಮೆ ತನ್ನದೇ ತರಗತಿಯ ಹುಡುಗಿಯ ಅಪ್ಪ ಹಾಗೆ ಚಪ್ಪಲಿ ನೋಡುತ್ತ ನಿಂತಿದ್ದಾಗ ಅವಳು ಇದ್ದಿಲ ಮೂಟೆಯ ಹಿಂದೆ ಅಡಗಿಕೊಂಡಿದ್ದಳು. ದೊಡ್ಡವಳಾದ ಮೇಲೆ ಯಾರ ಮುಂದೆಯೂ ಹೀಗೆ ಕೈ ಚಾಚಿ ಕೂರುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿಕೊಂಡಳು. ಮಾತಿಗೆ ತಪ್ಪಲಿಲ್ಲ. ಈಗ ಸುತ್ತಿನ ಏಳೆಂಟು ಹಳ್ಳಿಗೆ ಅವಳು ದನದ ಡಾಕ್ಟರು. ಸ್ಕೂಟರಿನ ಡಬ್ಬಿಯಲ್ಲಿ ಔಷಧಿಯ ಜೊತೆ ಒಂದು ಉದ್ದನೆಯ ನೋಟುಪುಸ್ತಕವಿತ್ತು. ‘ಆಮೇಲೆ ಕೊಡ್ತೀವಿ ಡಾಕ್ಟ್ರಮ್ಮ’ ಎಂದವರ ಹೆಸರುಗಳೆಲ್ಲ ಅದರಲ್ಲಿ ಇದ್ದವು. ಬರೆದುಕೊಳ್ಳುತ್ತಿದ್ದಳು, ಅಷ್ಟೇ. ಕೇಳಿದವಳಲ್ಲ.

ಡಾಕ್ಟರಾದ ಆ ಓದು ಸಾಲದ ಓದು. ಅಪ್ಪ ಇಲ್ಲದ ಮನೆ, ಅಮ್ಮನ ಹೊಲಿಗೆ ಮಿಷನ್ನು ಎಷ್ಟು ತುಳಿದರೂ ಊಟಕ್ಕೂ ಬಾಡಿಗೆಗೂ ಸರಿಹೋಗುತ್ತಿತ್ತು. ಐದು ವರ್ಷದ ಕಾಲೇಜಿಗೆ ಬ್ಯಾಂಕಿನವರು ಸಾಲ ಕೊಡಲು ಒಪ್ಪಿ, ಜಾಮೀನು ಕೇಳಿದಾಗ ಮಾವ ಮರು ಮಾತಾಡದೆ ತನ್ನ ಲಾಳದ ಶೆಡ್ಡಿನ ಕಾಗದಪತ್ರ ಒಯ್ದು ಮೇಜಿನ ಮೇಲೆ ಇಟ್ಟಿದ್ದ. ‘ಅಕ್ಕನ ಮಗಳು ಸೂಜಿ ಹಿಡೀತಾಳೆ ಅಂದ್ರೆ ನಾನು ಸುತ್ತಿಗೆ ಒತ್ತೆ ಇಡಬಾರ್ದಾ?’ ಎಂದಿದ್ದನಂತೆ.

ಇದಾಗಿ ಹನ್ನೆರಡು ವರ್ಷ. ಈಗ ಮಾವನ ಸೊಂಟ ಬಗ್ಗುತ್ತಿರಲಿಲ್ಲ, ಬಗ್ಗಿದರೆ ಏಳುತ್ತಿರಲಿಲ್ಲ. ದೊಡ್ಡ ರಸ್ತೆಯ ಬದಿ ಗೇಟು, ಕಿಟಕಿ ಬೆಸೆಯುವ ವೆಲ್ಡರಮ್ಮ ಶೆಡ್ಡನ್ನು ಕೊಳ್ಳಲು ಮುಂದೆ ಬಂದಿದ್ದಳು. ಅವಳದು ಒಂದೇ ಷರತ್ತು: ಮಾವ ಸ್ಟೂಲು ಬಿಟ್ಟು ಹೋಗಬಾರದು, ಅಲ್ಲೇ ಕೂತು ತನಗೆ ಲಾಳದ ಕೆಲಸ ಕಲಿಸಬೇಕು. ಇಂಥ ಗಿರಾಕಿ ಹುಡುಕಿದರೂ ಸಿಗುವುದಿಲ್ಲ. ಆದರೆ ಅವಳ ಈಗಿನ ಬಾಡಿಗೆ ಜಾಗ ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ‘ಅಷ್ಟರೊಳಗೆ ಕಾಗದ ಕೈಗೆ ಬಂದ್ರೆ ಸರಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ ಅಣ್ಣ’ ಎಂದು ಮುಖದ ಮೇಲೆಯೇ ಹೇಳಿದ್ದಳು.

ಬೇಜಾರಿಗೆ ಕಾರಣವೇ ಇರಲಿಲ್ಲ. ಅಕ್ಕನ ಮಗಳ ಲೆಕ್ಕದಲ್ಲಿ ಸಾಲ ಮುಗಿದಂತೆಯೇ ಇತ್ತು. ತಿಂಗಳ ಕಂತಿನ ಜೊತೆಗೆ, ಹಸುಗಳು ಈಯುವ ಕಾಲದಲ್ಲಿ ಕೈಗೆ ನಾಲ್ಕು ಕಾಸು ಹೆಚ್ಚು ಬಂದಾಗಲೆಲ್ಲ, ಹೊಸ ಬಟ್ಟೆ ಬಿಟ್ಟು, ಸ್ಕೂಟರಿನ ಹರಿದ ಸೀಟಿಗೆ ಚೀಲ ಸುತ್ತಿ, ಬ್ಯಾಂಕಿಗೆ ಕಟ್ಟಿದ್ದಳು. ಈ ತಿಂಗಳದು ಕೊನೆಯ ಕಂತು. ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಬ್ಯಾಂಕಿಗೆ ಹೋದಳು.

ಸಾಲದ ಮೇಜಿನ ಹಿಂದೆ ಕನ್ನಡಕದ ಅಧಿಕಾರಿ ಇದ್ದರು. ಅವರು ಕಂಪ್ಯೂಟರನ್ನು ಒಮ್ಮೆ ನೋಡಿದರು, ಕನ್ನಡಕ ಮೇಲೆತ್ತಿ ಇನ್ನೊಮ್ಮೆ ನೋಡಿದರು.

“ಇದನ್ನ ಕಟ್ಟಿದ ಮೇಲೂ ಮೂವತ್ತೆಂಟು ಸಾವಿರದ ನಾನೂರು ಉಳಿಯುತ್ತಲ್ಲಮ್ಮ.”

“ಅದು ಬೇರೆಯವರದ್ದು ಇರ್ಬೇಕು ಮೇಡಂ.”

“ನಿಮ್ಮದೇ. ನೋಡಿ, ನೀವು ಆಗಾಗ ಹೆಚ್ಚಿಗೆ ಕಟ್ಟಿದ್ದೀರಿ, ಒಪ್ಪಿದೆ. ಆದ್ರೆ ಚಲನ್ನಿನಲ್ಲಿ ಏನು ಬರೆದಿದ್ದೀರಿ?” ಅವರು ಹಳೆಯ ಚಲನ್ನುಗಳ ಕಂತೆ ಬಿಚ್ಚಿ ಅವಳ ಕಡೆ ತಿರುಗಿಸಿದರು. ವಿವರ ಎಂಬ ಜಾಗದಲ್ಲಿ ಅವಳದೇ ದುಂಡನೆಯ ಅಕ್ಷರ: ‘ಮುಂದಿನ ಕಂತುಗಳಿಗೆ ಮುಂಗಡ.’

ಮಾವನ ಶೆಡ್ಡಿನಲ್ಲಿ ಬೆಳೆದವಳಿಗೆ ಅದಕ್ಕಿಂತ ಮರ್ಯಾದೆಯ ಮಾತು ಗೊತ್ತಿರಲಿಲ್ಲ. ಮುಂದಿನ ಸಲದ ಲಾಳಕ್ಕೆ ಇವತ್ತೇ ದುಡ್ಡು ಕೊಟ್ಟು ಹೋಗುವ ಗಿರಾಕಿಗೆ ಮಾವ ಎದ್ದು ನಿಂತು ಕೈ ಮುಗಿಯುತ್ತಿದ್ದ. ಮುಂಗಡ ಕೊಟ್ಟವರನ್ನು ಬ್ಯಾಂಕೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದಳು.

“ನೀವು ಮುಂಗಡ ಅಂದ್ರಿ, ಅದನ್ನ ಮುಂಗಡ ಅಂತ ಪಕ್ಕದಲ್ಲಿ ಇಟ್ವಿ. ಅಸಲಿಗೆ ಅಂತ ಬರೆದಿದ್ರೆ ಅಸಲು ಕರಗೋದು, ಬಡ್ಡಿ ಇಳಿಯೋದು. ಈಗ ಆ ದುಡ್ಡು ಸುಮ್ಮನೆ ಕೂತಿತ್ತು, ಬಡ್ಡಿ ಪೂರ್ತಿ ಅಸಲಿನ ಮೇಲೆ ಓಡ್ತಾ ಇತ್ತು. ಮುಂಗಡ ಎಲ್ಲ ಕಳೆದ ಮೇಲೆ ಉಳಿದಿರೋದು ಇದು.”

“ಏಳು ವರ್ಷ ಒಬ್ಬರೂ ಹೇಳಲಿಲ್ಲವಲ್ಲ ಮೇಡಂ?”

“ಕೇಳಿದ್ರೆ ಹೇಳೋರು,” ಎಂದರು ಅಧಿಕಾರಿ. ಆಮೇಲೆ ತಮ್ಮ ಮಾತು ತಮಗೇ ಹಿಡಿಸದವರಂತೆ ದನಿ ತಗ್ಗಿಸಿದರು. “ಒಂದು ಅರ್ಜಿ ಬರೆದುಕೊಡಿ, ಮೇಲಿನ ಆಫೀಸಿಗೆ ನಾನೇ ಕಳಿಸ್ತೀನಿ. ಉತ್ತರ ಬರೋಕೆ ಮೂರು ತಿಂಗಳಾದ್ರೂ ಬೇಕು.”

ತಿಂಗಳ ಕೊನೆಗೆ ಹನ್ನೆರಡು ದಿನವಿತ್ತು. ಅವಳು ಅರ್ಜಿ ಬರೆದಳು, ಒಂದು ನಕಲಿಗೆ ಮೊಹರು ಹಾಕಿಸಿಕೊಂಡಳು, ಕಂತು ಕಟ್ಟಿ ಹೊರಗೆ ಬಂದಳು. ಅಳು ಬಂದರೆ ಸ್ಕೂಟರಿನ ಮೇಲೆ ಬರಲಿ, ಗಾಳಿಗೆ ಒಣಗುತ್ತದೆ ಎಂದುಕೊಂಡಳು. ಬರಲಿಲ್ಲ.

ಮಾವ ಪೂರ್ತಿ ಕೇಳಿಸಿಕೊಂಡ. ಕುಲುಮೆಯ ಬೆಂಕಿ ಆರಿತ್ತು. ಅವನು ಒಂದು ಹಳೆಯ ಲಾಳದಿಂದ ಮೊಳೆ ಕೀಳುತ್ತಿದ್ದ.

“ನೋಡ್ದ್ಯಾ, ಬ್ಯಾಂಕಿನವರೂ ನನ್ನ ಜಾತಿಯವರೇ. ನಾಲ್ಕನೇ ಲಾಳ ಕೈಯಲ್ಲಿ ಹಿಡ್ಕೊಂಡು ಕೂತಿದ್ದಾರೆ.”

“ನಗೋ ಹೊತ್ತಾ ಮಾವ ಇದು?”

“ಅಳ್ತಾ ಕೂತ್ರೆ ಮೂವತ್ತೆಂಟು ಮೂವತ್ತೇಳಾಗುತ್ತಾ? ಹೋಗ್ಲಿ ಬಿಡು ಕೂಸೇ. ವೆಲ್ಡರಮ್ಮ ಹೋದ್ರೆ ಇನ್ನೊಬ್ಬರು ಬರ್ತಾರೆ. ನನಗೇನು, ಇನ್ನೆರಡು ವರ್ಷ ಬಗ್ತೀನಿ.” ಹೇಳುತ್ತಲೇ ಕೆಳಗೆ ಬಿದ್ದ ಮೊಳೆ ಹೆಕ್ಕಲು ಬಗ್ಗಿದ. ಬಗ್ಗಿದವನು ಅಲ್ಲೇ ನಿಂತ. ಅವಳು ತೋಳು ಹಿಡಿದು ಎತ್ತಬೇಕಾಯಿತು.

ಸ್ಟೂಲಿನ ಮೇಲೆ ಕೂರಿಸಿ, ಅವಳು ಸ್ಕೂಟರಿನಿಂದ ನೋಟುಪುಸ್ತಕ ತಂದು ಕೂಡಿಸತೊಡಗಿದಳು. ತನ್ನ ಬಳಿ ಆರು ಸಾವಿರ. ಪುಸ್ತಕದಲ್ಲಿ ಅಲ್ಲಿ ಐನೂರು, ಇಲ್ಲಿ ಎಂಟುನೂರು. ಕೊನೆಯ ಪುಟಗಳಲ್ಲಿ ದೊಡ್ಡ ಕೊಟ್ಟಿಗೆಯ ಯಜಮಾನ ಒಬ್ಬನದೇ ಇಪ್ಪತ್ತೆರಡೂವರೆ ಸಾವಿರ.

“ಇಷ್ಟೊಂದು ಹೊರಗೆ ಬಿಟ್ಟಿದ್ದೀಯಲ್ಲೇ,” ಎಂದ ಮಾವ, ಹೆಗಲ ಮೇಲಿಂದ ನೋಡಿ. “ನನ್ನ ಅಕ್ಕನ ಹೊಟ್ಟೇಲಿ ಧರ್ಮಛತ್ರ ಹುಟ್ಟಿದೆ ಅಂತ ಗೊತ್ತಿರ್ಲಿಲ್ಲ.”

“ಕೇಳೋಕೆ ಬಾಯಿ ಬರಲ್ಲ ಮಾವ.”

“ನಾನು ಯಾವತ್ತು ಕೇಳಿದ್ದೀನಿ? ನಲವತ್ತು ವರ್ಷದಲ್ಲಿ ಒಂದು ಸಲ ಕೇಳಿದ್ದು ತೋರ್ಸು. ಸುಮ್ಮನೆ ಕೂತ್ಕೋತೀನಿ, ಅಷ್ಟೇ.”

“ನಾನು ಹಾಗೆ ಕೂರೋಕಾಗುತ್ತಾ? ನಿನ್ನ ಕುದುರೆ ಕಾಯುತ್ತೆ. ಜ್ವರ ಬಂದ ಹಸು ಕಾಯಲ್ಲ.”

“ಜ್ವರ ಬಂದಿರೋದನ್ನ ಕಾಯ್ಸು ಅಂದ್ನಾ? ಕಾಯೋ ಅಂಥದ್ದು ಯಾವುದಿದೆ ಅಂತ ನೀನೇ ನೋಡ್ಕೋ. ಓದಿರೋಳು ನೀನು.”

ಮಾರನೆಯ ಬೆಳಗಿನಿಂದ ಅವಳು ಮನೆಮನೆಗೆ ಹೋದಳು. ಮೊದಲ ಬಾಗಿಲಲ್ಲಿ ಕರುವಿನ ಆರೋಗ್ಯ ವಿಚಾರಿಸಿ, ಅಜ್ಜಿಯ ಮಂಡಿನೋವು ವಿಚಾರಿಸಿ, ಹೊರಡುವ ಮುನ್ನ ಹೊಸ್ತಿಲಿಗೆ ಹೇಳುವಂತೆ ದುಡ್ಡಿನ ಮಾತು ಹೇಳಿದಳು. ಅಜ್ಜಿ ಒಳಗೆ ಹೋಗಿ ಎಂಟುನೂರು ತಂದು ಕೈಗಿಟ್ಟಳು. “ಎರಡು ವರ್ಷದಿಂದ ಡಬ್ಬೀಲಿ ಕಟ್ಟಿಟ್ಟಿದ್ದೆ ಕಣಮ್ಮ. ನೀನು ಕೇಳ್ತೀಯ, ಆಗ ಕೊಡೋಣ ಅಂತ.” ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎಲ್ಲರೂ ಆ ಅಜ್ಜಿಯಂತಿರಲಿಲ್ಲ. ಕೆಲವರು ಅರ್ಧ ಕೊಟ್ಟರು, ಕೆಲವರು ಮುಖ ಗಂಟಿಕ್ಕಿದರು, ಒಬ್ಬ ಅವಳ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಹುಲ್ಲಿನ ಬಣವೆಯ ಹಿಂದೆ ಮಾಯವಾದ. ಒಂಬತ್ತು ದಿನಕ್ಕೆ ಹನ್ನೊಂದು ಸಾವಿರ ಸೇರಿತು. ಉಳಿದಿದ್ದು ದೊಡ್ಡ ಕೊಟ್ಟಿಗೆ.

ಅಲ್ಲಿಗೆ ಅವಳು ತಾನಾಗಿ ಹೋಗಬೇಕಿರಲಿಲ್ಲ, ಕರೆ ಬಂದೇ ಬಂತು. ವರ್ಷಕ್ಕೊಮ್ಮೆ ಪ್ರತಿ ಹಸುವನ್ನೂ ಡಾಕ್ಟರು ಪರೀಕ್ಷಿಸಿ ಆರೋಗ್ಯದ ಕಾರ್ಡಿಗೆ ಸಹಿ ಹಾಕಬೇಕು. ಕಾರ್ಡಿಲ್ಲದ ಒಂದು ಹಸು ಇದ್ದರೂ ಆ ಕೊಟ್ಟಿಗೆಯ ಹಾಲನ್ನು ಡೈರಿಯ ಲಾರಿ ಮುಟ್ಟುವುದಿಲ್ಲ. ಯಜಮಾನ ಎಂದಿನಂತೆ ಗಡುವಿನ ದಿನವೇ ಕರೆಸಿದ್ದ.

“ಬನ್ನಿ ಡಾಕ್ಟ್ರೇ, ಬನ್ನಿ! ನಿಮ್ಮ ಕೈಗುಣ ಅಂದ್ರೆ ಕೈಗುಣ. ನೀವು ಕೊಟ್ಟಿಗೆಗೆ ಕಾಲಿಟ್ರೆ ಸಾಕು, ಹಸು ಒಂದು ಲೋಟ ಜಾಸ್ತಿ ಕೊಡ್ತವೆ.” ಹೊಗಳುವುದರಲ್ಲಿ ಅವನದು ಧಾರಾಳ ಕೈ.

ಕೊಟ್ಟಿಗೆಯಲ್ಲಿ ನಲವತ್ತು ಹಸು. ಮೂಲೆಯಲ್ಲಿ ಹೊಸ ಸ್ಪೀಕರೊಂದು ಮೆಲ್ಲಗೆ ಹಾಡುತ್ತಿತ್ತು. ಅವಳು ಒಂದೊಂದರ ಕೆಚ್ಚಲು ಒತ್ತಿ ನೋಡಿ, ಹಾಲು ಬಟ್ಟಲಿಗೆ ಹಿಂಡಿ ನೋಡಿ, ರಕ್ತ ತೆಗೆದು, ಕಾರ್ಡು ಬರೆಯುತ್ತ ಬಂದಳು. ಮೂವತ್ತು ಮುಗಿಯಿತು. ಅವಳು ಕೈ ತೊಳೆದು, ಒಂದು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತಳು.

“ಯಾಕೆ, ಸುಸ್ತಾಯ್ತಾ?”

“ಇಲ್ಲ.”

“ಸೂಜಿ ಮುಗೀತಾ?”

“ಇದೆ.”

“ಮತ್ತೆ? ಲಾರಿ ಹತ್ತು ಗಂಟೆಗೆ ಬಂದುಬಿಡುತ್ತೆ.”

“ನಮ್ಮ ಮಾವ ಲಾಳ ಹೊಡೆಯೋದನ್ನ ನೋಡಿದ್ದೀರಲ್ಲ ಯಜಮಾನ್ರೇ?”

ಯಜಮಾನನ ನಗು ಅರ್ಧಕ್ಕೆ ನಿಂತಿತು. ಅವನೂ ಹಿಂದೊಮ್ಮೆ ಆ ಶೆಡ್ಡಿನ ಮುಂದೆ ತನ್ನ ಚಪ್ಪಲಿ ನೋಡಿಕೊಂಡವನೇ.

“ಏನಮ್ಮ ಇದು? ನಾಳೆ ನನ್ನ ಹಸು ಸಾಯ್ತಾ ಬಿದ್ದಿರುವಾಗ್ಲೂ ಹೀಗೇ ಬಕೆಟ್ ಹಾಕ್ಕೊಂಡು ಕೂರ್ತೀರಾ?”

“ಕೂರಲ್ಲ,” ಎಂದಳು ಅವಳು. ದನಿ ಏರಿಸಲಿಲ್ಲ. “ಹೋದ ಚಳಿಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ ಭುಜದ ತನಕ ಕೈ ಹಾಕಿ ಎಳೆದವಳು ನಾನೇ. ಅವತ್ತು ದುಡ್ಡಿನ ಮಾತು ಎತ್ತಿದ್ನಾ? ಮುಂದೆಯೂ ಎತ್ತಲ್ಲ. ಇದು ಜೀವ ಅಲ್ಲ, ಕಾಗದ. ಕಾಗದ ಕಾಯುತ್ತೆ.”

“ಬೇರೆ ಡಾಕ್ಟ್ರನ್ನ ಕರೆಸ್ತೀನಿ.”

“ಕರೆಸಿ. ಅವರು ಎರಡು ಗಂಟೆಯ ದಾರಿ ದೂರದಲ್ಲಿದ್ದಾರೆ. ಈಗ ಒಂಬತ್ತೂ ಕಾಲು.”

ಹಾಲಿನ ಕ್ಯಾನು ತೊಳೆಯುತ್ತಿದ್ದ ಯಜಮಾನನ ಹೆಂಡತಿ ಕೈ ಕೊಡವಿಕೊಂಡು ಬಂದಳು. “ಯಾವ ದುಡ್ಡು? ಡಾಕ್ಟ್ರಮ್ಮಂದು ಅಂತ ಹೋದ ವರ್ಷವೇ ನನ್ನ ಹತ್ರ ಇಸ್ಕೊಂಡ್ರಲ್ಲ?”

ಯಜಮಾನ ಸ್ಪೀಕರಿನ ಕಡೆ ನೋಡಬಾರದೆಂದು ಬಹಳ ಪ್ರಯತ್ನಪಟ್ಟ. ಕಣ್ಣು ಅತ್ತಲೇ ಹೋಯಿತು.

“ಓಹೋ, ಹಸುಗಳ ಸಂಗೀತಕ್ಕೆ ಹೋಯ್ತಾ ಅದು!” ಎಂದಳು ಹೆಂಡತಿ. “ನಾನು ಬೆಳಗ್ಗೆಯಿಂದ ಸಾಯಂಕಾಲದ ತನಕ ಹಾಲು ಕರೆದು ಸಾಯ್ತೀನಿ, ನನಗೆ ಒಂದು ರೇಡಿಯೋ ತಂದ್ರಾ? ಎಷ್ಟಮ್ಮ ನಿಂದು?”

ಅವಳು ಪುಸ್ತಕ ತೆರೆದು ತೋರಿಸಿದಳು. ಹೆಂಡತಿ ಸಾಲುಸಾಲಾಗಿ ಬೆರಳಿಟ್ಟು ಓದಿದಳು, ಎರಡು ಕಡೆ ತಕರಾರು ತೆಗೆದಳು, ತಾನೇ ನೆನಪು ಮಾಡಿಕೊಂಡು ಸರಿ ಎಂದಳು, ಒಳಗೆ ಹೋಗಿ ಇಪ್ಪತ್ತೆರಡೂವರೆ ಸಾವಿರ ತಂದು ಎಣಿಸಿ ಕೊಟ್ಟಳು. ಗಂಡನ ಕಡೆ ತಿರುಗಿ, “ಆ ಹಾಡು ಆರಿಸಿ. ಇವತ್ತು ನಾನು ಹಾಡ್ತೀನಿ ನಿಮಗೆ” ಎಂದಳು.

ಡಾಕ್ಟರು ಬಕೆಟ್ಟಿನಿಂದ ಎದ್ದಳು. ಉಳಿದ ಹತ್ತನ್ನು ಅವಸರ ಮಾಡದೆ ನೋಡಿದಳು. ಮೂವತ್ತೇಳನೆಯದರ ಕೆಚ್ಚಲಿನ ಒಂದು ಮೂಲೆ ಬಿಸಿಯಾಗಿತ್ತು, ಬಟ್ಟಲಿನಲ್ಲಿ ಹಾಲು ಎಳೆಎಳೆಯಾಗಿ ಒಡೆದಿತ್ತು. ಅದರ ಹಾಲನ್ನು ಬೇರೆ ಇಡಿಸಿ, ಔಷಧಿ ಏರಿಸಿ, ಕಾರ್ಡಿನಲ್ಲಿ ಹಾಗೆಯೇ ಬರೆದಳು. “ಇದರ ದುಡ್ಡು?” ಎಂದ ಯಜಮಾನ ಅನುಮಾನದಿಂದ. “ಇದು ಜೀವ,” ಎಂದಳು ಅವಳು. “ಆಮೇಲೆ ಕೊಡಿ. ಆದ್ರೆ ಈ ಸಲ ನಾನು ಕೇಳ್ತೀನಿ.” ಲಾರಿಯ ಹಾರನ್ನು ಕೇಳಿದಾಗ ಅವಳು ನಲವತ್ತನೆಯ ಕಾರ್ಡಿಗೆ ಸಹಿ ಹಾಕುತ್ತಿದ್ದಳು.

ತಿಂಗಳ ಕೊನೆಗೆ ಎರಡು ದಿನ ಮೊದಲು ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಹೋದಳು. ಚಲನ್ನಿನ ವಿವರದ ಜಾಗದಲ್ಲಿ ಪೆನ್ನು ನಿಂತಿತು. “ಇಲ್ಲಿ ಏನು ಬರೀಬೇಕು ಮೇಡಂ? ನೀವೇ ಹೇಳಿ, ನಾನು ಬರೀತೀನಿ.” ಕನ್ನಡಕದ ಅಧಿಕಾರಿ ಎದ್ದು ಬಂದು, ಬಗ್ಗಿ, ಒಂದೊಂದೇ ಪದ ಹೇಳಿ ಬರೆಸಿದರು. ಸಾಲ ತೀರಿದ ಪತ್ರಕ್ಕೆ ಮೊಹರು ಬಿತ್ತು. ಶೆಡ್ಡಿನ ಕಾಗದ ಹಳದಿ ಲಕೋಟೆಯಲ್ಲಿ ಬಂತು. ಹನ್ನೆರಡು ವರ್ಷದಲ್ಲಿ ಅದರ ಅಂಚು ಇಲಿ ತಿಂದಂತೆ ಸವೆದಿತ್ತು. ಮಾವ ಅದನ್ನು ಬಿಚ್ಚಿ ನೋಡಲಿಲ್ಲ, ಅಂಗಿಯ ಒಳಗೆ ಎದೆಗೆ ಒತ್ತಿ ಇಟ್ಟುಕೊಂಡ.

“ನನ್ನ ಅರ್ಜಿ ಏನಾಯ್ತು ಮೇಡಂ?” ಎಂದು ಅವಳು ಕೇಳಿದಳು.

“ಸಾಲವೇ ತೀರಿತಲ್ಲಮ್ಮ.”

“ಸಾಲ ತೀರಿತು, ತಪ್ಪು ತೀರಲಿಲ್ಲ. ಪ್ರತಿ ತಿಂಗಳೂ ಬಂದು ಕೇಳ್ತೀನಿ. ಈಗ ಅಭ್ಯಾಸ ಆಗಿದೆ.”

ಶೆಡ್ಡಿನಲ್ಲಿ ವೆಲ್ಡರಮ್ಮ ಕಾಯುತ್ತಿದ್ದಳು. ಕಾಗದವನ್ನು ಅಡಿಯಿಂದ ಮುಡಿಯವರೆಗೆ ಓದಿ, ಚೀಲದಿಂದ ನೋಟಿನ ಕಟ್ಟು ತೆಗೆದು ಮಾವನ ಮುಂದೆ, ಲಾಳ ಬಡಿಯುವ ಅಡೆಗಲ್ಲಿನ ಮೇಲೆ ಜೋಡಿಸಿದಳು. ಒಂದು, ಎರಡು, ಮೂರು. ಆಮೇಲೆ ಚೀಲದ ಬಾಯಿ ಕಟ್ಟಿ, ಮಾವನ ಸ್ಟೂಲಿನ ಮೇಲೆ ಕೂತುಬಿಟ್ಟಳು.

“ನಾಲ್ಕನೇದು?” ಎಂದ ಮಾವ.

“ನಾಲ್ಕನೇದು, ನಾನು ಒಬ್ಬಳೇ ಒಂದು ಕುದುರೆಗೆ ಲಾಳ ಹೊಡೆದ ದಿನ. ಕಲಿಸ್ತೀನಿ ಅಂದಿದ್ದೀರಲ್ಲ ಅಣ್ಣ?”

ಮಾವ ಮೊದಲು ಶೆಡ್ಡಿನ ಸೂರು ನೋಡಿದ. ಆಮೇಲೆ ತನ್ನ ಚಪ್ಪಲಿ ನೋಡಿದ. ಇದ್ದಿಲ ಮೂಟೆಯ ಪಕ್ಕ ನಿಂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಈ ಸಲ ಅಡಗಿಕೊಳ್ಳುವ ಅಗತ್ಯವೂ ಇರಲಿಲ್ಲ.

“ಏಳಮ್ಮ ಮೇಲೆ,” ಎಂದ ಮಾವ, ಕಟ್ಟುಗಳನ್ನು ಎತ್ತಿಕೊಳ್ಳುತ್ತ. “ಆ ಸ್ಟೂಲು ಮಾರಿಲ್ಲ ನಾನು. ಹೋಗಿ ಕುಲುಮೆ ಊದು.”