ಹೊಸ್ತಿಲು ದಾಟದ ಬೆಕ್ಕು

ಹದಿನೈದು ದಿನದಲ್ಲಿ ಆ ಬೀದಿಯ ಮೂರು ಬೆಕ್ಕಿನ ಮರಿಗಳು ಸತ್ತವು. ಬೆಳಿಗ್ಗೆ ಆಡಿಕೊಂಡಿದ್ದ ಮರಿ ಸಂಜೆಗೆ ಮಂಕಾಗುತ್ತಿತ್ತು, ವಾಂತಿ ಮಾಡುತ್ತಿತ್ತು, ಮರುದಿನ ಇರುತ್ತಿರಲಿಲ್ಲ. ಯಾರೋ ವಿಷ ಇಡುತ್ತಿದ್ದಾರೆ ಎಂದು ಬೀದಿಯೆಲ್ಲ ಗುಸುಗುಸು. ಯಾರಿಗೆ ಯಾರ ಮೇಲೆ ಹಳೆಯ ಸಿಟ್ಟಿತ್ತೋ ಅವರ ಹೆಸರೇ ಬಾಯಿಗೆ ಬರುತ್ತಿತ್ತು.

ಮೂಲೆಯ ದರ್ಜಿಗೆ ನಿದ್ದೆ ಹಾರಿಹೋಯಿತು. ಅವನನ್ನು ಎಲ್ಲರೂ ಕತ್ತರಿ ಮಾವ ಎನ್ನುತ್ತಿದ್ದರು. ಕೈಯಲ್ಲಿ ಸದಾ ಕತ್ತರಿ, ಮಾತೂ ಹಾಗೇ. ಅಂಥವನ ಜೀವವೆಲ್ಲ ಒಂದು ಬೂದುಬಣ್ಣದ ಬೆಕ್ಕಿನ ಮೇಲಿತ್ತು. ದಾರದ ಉಂಡೆಯ ಹಾಗೆ ಸುತ್ತಿಕೊಂಡು ಮಲಗುವ ಅದಕ್ಕೆ ಉಂಡೆ ಎಂದೇ ಹೆಸರು. ಇನ್ನೂ ವರ್ಷ ತುಂಬಿರಲಿಲ್ಲ. ಮಾವ ಕಿಟಕಿಗಳಿಗೆಲ್ಲ ಜಾಲರಿ ಬಡಿದ.

"ಅಪ್ಪಾ, ಮೊದಲು ಅದಕ್ಕೆ ಲಸಿಕೆ ಹಾಕಿಸು. ಎಷ್ಟು ತಿಂಗಳಿಂದ ಬಡ್ಕೋತಿದೀನಿ" ಎಂದಳು ಮಗಳು.

"ಲಸಿಕೆ ಹಾಕಿಸಿದ್ರೆ ವಿಷ ಹತ್ತಲ್ವಾ? ಹೊಸ್ತಿಲು ದಾಟದ ಬೆಕ್ಕಿಗೆ ರೋಗ ಎಲ್ಲಿಂದ ಬರುತ್ತೆ? ಸುಮ್ನೆ ಚುಚ್ಚಿಸಿ ಅದರ ಜೀವ ತಿನ್ಬೇಡ."

ಆ ವಾರವೇ ಅದೇ ಬೀದಿಯ ಟೀಚರಮ್ಮ ಬಂದರು. ಸತ್ತ ಮರಿಗಳಲ್ಲಿ ಒಂದು ಅವರದು. ಕೈಯಲ್ಲಿ ಒಂದು ಪುಟ್ಟ ಹೊದಿಕೆ. "ನಮ್ಮ ಮರಿ ಇದರಲ್ಲೇ ಮಲಗ್ತಿತ್ತು ಮಾವ. ಇನ್ನೆರಡು ವಾರಕ್ಕೆ ಹೊಸ ಮರಿ ತರ್ತೀನಿ. ಸ್ವಲ್ಪ ಚಿಕ್ಕದು ಮಾಡಿ, ಮೇಲೆ ಹೊಸ ಬಟ್ಟೆ ಹಾಕಿಕೊಡಿ" ಎಂದರು. ಕಣ್ಣು ಒದ್ದೆಯಾಗಿತ್ತು. ಮಾವ ಹೊದಿಕೆಯನ್ನು ಹೊಲಿಯಬೇಕಾದ ಬಟ್ಟೆಗಳ ಗುಡ್ಡೆಯ ಮೇಲಿಟ್ಟ. ಉಂಡೆಗೆ ಆ ಗುಡ್ಡೆಯೇ ಸಿಂಹಾಸನ.

ಮರುದಿನ ಪಶು ಆಸ್ಪತ್ರೆಯ ನರ್ಸಕ್ಕ ತನ್ನ ಬಿಳಿ ಕೋಟು ಒಯ್ಯಲು ಬಂದಳು. ಬೆಕ್ಕನ್ನು ನೋಡಿ ನಕ್ಕಳು. ಅದು ಮಲಗಿದ್ದ ಹೊದಿಕೆ ಯಾರದೆಂದು ಮಾವ ಹೇಳಿದ್ದೇ ತಡ, ಅವಳ ನಗು ನಿಂತಿತು.

"ಎಷ್ಟು ಹೊತ್ತಿಂದ ಇದರ ಮೇಲಿದೆ?"

"ನಿನ್ನೆಯಿಂದ. ಯಾಕಕ್ಕಾ?"

"ಲಸಿಕೆ ಆಗಿದೆಯಾ?"

ಮಾವ ಮಗಳ ಮುಖ ನೋಡಿದ. "ಇಲ್ಲಕ್ಕಾ" ಎಂದಳು ಮಗಳು.

"ಮಾವ, ಆ ಮರಿಗಳಿಗೆ ಯಾರೂ ವಿಷ ಹಾಕಿಲ್ಲ. ಎರಡನ್ನ ನಾವೇ ಪರೀಕ್ಷೆ ಮಾಡಿದ್ವಿ, ಫಲಿತಾಂಶ ಇವತ್ತೇ ಬಂತು. ಅದು ಬೆಕ್ಕುಗಳಿಗೆ ಬರೋ ಪಾರ್ವೋ ರೋಗ. ಮನುಷ್ಯರಿಗೆ ಅಂಟಲ್ಲ, ಆದ್ರೆ ನಮ್ಮ ಚಪ್ಪಲಿ, ಬಟ್ಟೆ, ಕೈಯಲ್ಲಿ ಮನೆಯೊಳಗೆ ಬರುತ್ತೆ. ಆ ವೈರಸ್ ತಿಂಗಳುಗಟ್ಟಲೆ ಸಾಯಲ್ಲ, ಬರೀ ಸೋಪಿಗಂತೂ ಬಗ್ಗಲ್ಲ."

ಮಾವ ಬೆಕ್ಕನ್ನು ಹೊದಿಕೆಯ ಮೇಲಿಂದ ಎತ್ತಿಕೊಂಡ. ಕಿಟಕಿಗೆಲ್ಲ ಜಾಲರಿ ಬಡಿದಿದ್ದ. ರೋಗವನ್ನು ಎರಡೂ ಕೈಯಿಂದ ಇಸಿದುಕೊಂಡು, ಬೆಕ್ಕಿಗೆ ಹಾಸಿಗೆ ಮಾಡಿಕೊಟ್ಟವನು ಅವನೇ.

ಅರ್ಧ ಗಂಟೆಯಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಡಾಕ್ಟರಮ್ಮ ಉಂಡೆಯ ಜ್ವರ ನೋಡಿದರು, ತೂಕ ಹಾಕಿದರು. "ಇನ್ನೂ ಆರೋಗ್ಯವಾಗಿದೆ, ಹಾಗಾಗಿ ಇವತ್ತೇ ಲಸಿಕೆ ಕೊಡ್ತೀನಿ. ಆದ್ರೆ ರೋಗ ಆಗ್ಲೇ ಒಳಗೆ ಹೋಗಿದ್ರೆ ಲಸಿಕೆ ತಡ ಆಯ್ತು ಅಂತಲೇ ಲೆಕ್ಕ. ಎರಡು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ. ಮನೇಲಿರೋ ಮನುಷ್ಯರ ಮಾತ್ರೆ ಮಾತ್ರ ಕೊಡ್ಬೇಡಿ, ಒಂದೇ ಒಂದು ಜ್ವರದ ಮಾತ್ರೆ ಸಾಕು ಬೆಕ್ಕಿನ ಪ್ರಾಣ ತೆಗೆಯೋಕೆ."

ಆಮೇಲಿನ ದಿನಗಳನ್ನು ಮಾವ ಹೇಗೆ ಕಳೆದನೋ ಅವನಿಗೇ ಗೊತ್ತು. ಹೊದಿಕೆಯನ್ನು ಸುಟ್ಟ. ನೆಲವನ್ನು ಬ್ಲೀಚ್ ನೀರಿನಿಂದ ಒರೆಸಿ, ಒಣಗುವ ತನಕ ಬೆಕ್ಕನ್ನು ಒಳಕೋಣೆಯಲ್ಲಿಟ್ಟ. ಒಂದೇ ಅಂಗಿಗೆ ಎರಡು ಎಡ ತೋಳು ಹೊಲಿದ. ಉಂಡೆ ಆಕಳಿಸಿದರೂ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

ಐದನೇ ದಿನ ಬೆಳಿಗ್ಗೆ ಉಂಡೆ ತಟ್ಟೆ ಮೂಸಿ ಹಿಂದೆ ಸರಿಯಿತು. ನೀರಿನ ಬಟ್ಟಲಿನ ಮುಂದೆ ಕುಳಿತಿತು, ಕುಡಿಯಲಿಲ್ಲ. ಮಧ್ಯಾಹ್ನದ ತನಕ ಕಾಯಲೂ ಇಲ್ಲ ಮಾವ. ಹೊಲಿಗೆ ಯಂತ್ರದ ಸೂಜಿ ಬಟ್ಟೆಯಲ್ಲೇ ಇರುವಾಗ ಎದ್ದು, ಉಂಡೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

"ಈ ವೈರಸ್‌ನ ಕೊಲ್ಲೋ ಔಷಧಿ ನಮ್ಮ ಹತ್ರ ಇಲ್ಲ" ಎಂದಳು ನರ್ಸಕ್ಕ, ಪುಟ್ಟ ಕಾಲಿಗೆ ಡ್ರಿಪ್ ಕಟ್ಟುತ್ತ. "ಬೇರೆ ಸೋಂಕು ಮೇಲೆ ಬೀಳದ ಹಾಗೆ ಔಷಧಿ ಕೊಟ್ಟು, ನೀರಿನಂಶ ಕಾಪಾಡ್ತೀವಿ. ರೋಗದ ಜೊತೆ ಜಗಳ ಆಡ್ಬೇಕಾದ್ದು ಬೆಕ್ಕೇ. ಬೇಗ ತಂದ್ರಲ್ಲ, ಅದೊಂದು ಒಳ್ಳೇದಾಯ್ತು."

ಮೂರು ದಿನ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ. "ನೀನು ಹೇಳಿದಾಗಲೇ ಹಾಕಿಸಿದ್ರೆ ಇದು ಇಲ್ಲಿರ್ತಿರ್ಲಿಲ್ಲ ಕಣಮ್ಮ" ಎಂದು ಮಗಳ ಮುಂದೆ ಅತ್ತ. ಆರು ತಿಂಗಳ ಜಂಬವೆಲ್ಲ ಇಳಿದುಹೋಗಿತ್ತು. ನಾಲ್ಕನೇ ದಿನ ನರ್ಸಕ್ಕ ಬೆರಳಿಗೆ ಹಚ್ಚಿಕೊಂಡ ಗಂಜಿಯಂಥ ಆಹಾರವನ್ನು ಉಂಡೆ ಒಮ್ಮೆ ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಆಗ ಮಾವನ ಜೀವದಲ್ಲಿ ಜೀವ ಬಂತು.

ಉಂಡೆ ಮನೆಗೆ ಬಂದ ಮರುದಿನ ಬಾಗಿಲಲ್ಲಿ ಟೀಚರಮ್ಮ. ಕೈಯಲ್ಲಿ ಮುಚ್ಚಳದ ಬುಟ್ಟಿ. "ಮಾವ, ಹೊಸ ಮರಿ! ಹಾಸಿಗೆ ರೆಡಿನಾ?"

"ಅಲ್ಲೇ ನಿಲ್ಲಿ! ಒಳಗೆ ಬರ್ಬೇಡಿ!"

ಟೀಚರಮ್ಮ ಬೆಚ್ಚಿದರು, ಆಮೇಲೆ ಮುಖ ಊದಿಸಿಕೊಂಡರು. ಮಾವ ಒಂದೂ ಬಿಡದೆ ಹೇಳಿದ. ಹೊದಿಕೆ ಸುಟ್ಟದ್ದನ್ನೂ ಹೇಳಿದ.

"ಹಾಗಾದ್ರೆ ವಿಷ ಅಲ್ವಾ?" ಅವರ ದನಿ ಇಳಿಯಿತು. "ನಾನು ಪಕ್ಕದ್ಮನೆಯವರ ಹತ್ರ ಮಾತೇ ಬಿಟ್ಟಿದೀನಲ್ಲ ಮಾವ..."

"ಅವರನ್ನ ಆಮೇಲೆ ಮಾತಾಡ್ಸಿ. ಈ ಮರಿ ಈಗ ನಿಮ್ಮನೆಗೂ ಬೇಡ, ನನ್ನಂಗಡಿಗೂ ಬೇಡ. ತಂದ ಕಡೇಲೇ ಬಿಟ್ಟು ಬನ್ನಿ. ಅದಕ್ಕೆ ಎರಡು ತಿಂಗಳು ತುಂಬಿದ್ರೆ ಇವತ್ತೇ ಮೊದಲ ಲಸಿಕೆ ಹಾಕಿಸಿ. ಆಮೇಲೆ ಮೂರ್ನಾಲ್ಕು ವಾರಕ್ಕೊಂದು, ನಾಲ್ಕು ತಿಂಗಳು ತುಂಬೋ ತನಕ. ಜಂತುವಿನ ಔಷಧಿ, ರೇಬೀಸ್ ಚುಚ್ಚುಮದ್ದು ಯಾವಾಗ, ಸಂತಾನಹರಣ ಯಾವಾಗ, ಎಲ್ಲ ಡಾಕ್ಟರಮ್ಮ ಚೀಟೀಲಿ ಬರೆದು ಕೊಡ್ತಾರೆ. ಹಾಸಿಗೆ ನಾನು ಹೊಸದೇ ಹೊಲೀತೀನಿ."

ಬುಟ್ಟಿಯ ಸಂದಿನಿಂದ ಒಂದು ಪುಟ್ಟ ಪಂಜ ಹೊರಗೆ ಬಂತು. ಮಾವನ ಕೈ ತಾನಾಗಿಯೇ ಮುಂದೆ ಹೋಯಿತು. ಉಂಡೆಯನ್ನು ಎತ್ತಿಕೊಂಡಿದ್ದ ಕೈ ಅದು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಈಗ ಮುಟ್ಟಲ್ಲ ಕಂದಾ" ಎಂದ. "ಲಸಿಕೆ ಎಲ್ಲ ಮುಗಿಸ್ಕೊಂಡು ಬಾ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೆಕ್ಕು ಈಗ ಎಲ್ಲಿದೆ, ಒಮ್ಮೆ ತಿರುಗಿ ನೋಡಿ. ಚೆನ್ನಾಗಿ ತಿಂದು, ಮೈ ನೆಕ್ಕಿಕೊಂಡು ಕುಳಿತಿದೆಯೇ? ಹಾಗಾದರೆ ಪಶುವೈದ್ಯರ ಹತ್ತಿರ ಕರೆದೊಯ್ಯಲು ಇದೇ ಸರಿಯಾದ ದಿನ. ಅದು ಹೊಸ್ತಿಲು ದಾಟದೆ ಇರಬಹುದು. ನೀವು ದಿನವೂ ದಾಟುತ್ತೀರಲ್ಲ.