ಅತ್ತೆಯ ಭೂತಗನ್ನಡಿ

ಮತ್ತೆ ನಡುಗಿತು, ಪರದೆಯ ಬಲಮೂಲೆಯಲ್ಲಿ ಏನೋ ಒಂದು ನೀರೊಳಗಿನ ಮೀನಿನ ಹಾಗೆ ಮಿಂಚಿ ಮಾಯವಾಯಿತು, ಅದೇ ಇರಬೇಕು, ಇಲ್ಲ, ಬಂದ ಹಾಗೆ ಮಾಡಿ ಹೋಯಿತು — ಪಕ್ಕದ ಕೋಣೆಯಲ್ಲಿ ಅತ್ತೆಯ ಗೊರಕೆ ಇನ್ನೂ ಕೇಳಿಸುತ್ತಿದೆ, ಕೇಳಿಸಲಿ, ಅದು ಇರುವ ತನಕ ಸೊಸೆಗೆ ಸಮಯವಿದೆ. ಕಂಪ್ಯೂಟರಿನ ಜೊತೆಗೇ ಬಂದ ಭೂತಗನ್ನಡಿ, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಒಂದು ಚೌಕ ತೆರೆದುಕೊಂಡು ಬೇಕಾದ್ದನ್ನು ಆನೆಯಷ್ಟು ಮಾಡಿ ತೋರಿಸಬೇಕು, ತೋರಿಸುತ್ತಲೂ ಇತ್ತು, ಅತ್ತೆ ಅದರಲ್ಲಿ ದಿನಾ ಪತ್ರಿಕೆ ಓದಿ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು, ಮೊನ್ನೆ ಕರೆಂಟು ಹೋಗಿ ಬಂದ ಮೇಲೆ ಕೆಟ್ಟು ಕೂತಿದೆ, ಕೆಡುವುದಕ್ಕೂ ಅದಕ್ಕೆ ಮೊನ್ನೆಯೇ ಆಗಬೇಕಿತ್ತೇ, ಮೊನ್ನೆಯೇ ನಾದಿನಿಗೆ ಹೆರಿಗೆ, ದಿನ ತುಂಬದ ಮಗು, ಬೇರೆ ಊರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಯಾರನ್ನೂ ಹತ್ತಿರ ಬಿಡುವುದಿಲ್ಲವಂತೆ, ನಾದಿನಿಯ ಗಂಡ ಗಾಜಿನಾಚೆಯಿಂದ ತೆಗೆದು ಕಳಿಸಿದ ಒಂದೇ ಒಂದು ಫೋಟೊ, ಅದನ್ನು ಫೋನಿನಲ್ಲಿ ಅತ್ತೆಯ ಮುಖದ ಹತ್ತಿರ ಹಿಡಿದಾಗ ಅವರು ಮುದ್ದಾಗಿದೆ ಅಂದರು, ಎದುರುಮನೆಯವರ ಮಗುವಿಗೂ ಹಾಗೇ ಅಂದಿದ್ದರು, ಏನೂ ಕಾಣದಾಗ ಅನ್ನುವ ಮಾತು ಅದು. ಅವರ ಎರಡೂ ಕಣ್ಣಿನ ನಟ್ಟನಡುವೆ ಮಸಿಯ ಬೊಟ್ಟು ಕೂತಿದೆ, ನೇರ ನೋಡಿದ್ದೆಲ್ಲ ಅದರಲ್ಲಿ ಮುಳುಗುತ್ತದೆ, ಉಳಿದಿರುವುದು ಅಂಚು ಮಾತ್ರ, ಅದೂ ಸವೆಯುತ್ತಿದೆ, ನೋಡಬೇಕು ಅನ್ಸಿದ್ದನ್ನ ಈಗ್ಲೇ ನೋಡ್ಕೊಂಡುಬಿಡಿ ಅಮ್ಮ ಅಂದರು ಕಣ್ಣಿನ ಡಾಕ್ಟರು, ತರಕಾರಿ ಮುಗಿದುಹೋಗುತ್ತೆ ಬೇಗ ತಗೊಳ್ಳಿ ಅನ್ನುವ ಧ್ವನಿಯಲ್ಲಿ. ಇವತ್ತು ಮಧ್ಯಾಹ್ನ ಮಲಗುವ ಮುಂಚೆ ಅತ್ತೆ, ಏನೇ ಗಾಬರಿ — ಮದುವೆಯಾದ ವಾರದಲ್ಲೇ ಅವಳಿಗೆ ಅವರು ಇಟ್ಟ ಹೆಸರು — ನಾನು ಏಳೋದ್ರೊಳಗೆ ಅದನ್ನ ಸರಿಮಾಡು, ಮಗೂನ ನೋಡ್ಬೇಕು, ನೋಡ್ದೆ ಇದ್ರೆ ನಂಗೆ ಅದು ಹುಟ್ಟಿದ ಹಾಗೇ ಆಗಲ್ಲ ಅಂದಿದ್ದರು. ಸರಿಮಾಡ್ತೀನಿ ಅತ್ತೆ. ಅಂದುಬಿಟ್ಟಳು. ಸರಿಮಾಡಿದರೆ ಏನೇನು ಕಾಣುತ್ತದೆ ಅಂತ ಅವರಿಗೆ ಹೇಳಿಲ್ಲ, ಮೂಗಿಗೆ ಸಿಕ್ಕಿಸಿದ ನಳಿಗೆ, ಕಡ್ಡಿಯಂಥ ತೋಳು, ಅತ್ತಿಗೆ ಅದಿನ್ನೂ ಕಣ್ಣೇ ಬಿಟ್ಟಿಲ್ಲ ಅತ್ತಿಗೆ, ಕೇಳಿದ್ರೆ ನರ್ಸು ಮುಖ ತಿರುಗಿಸ್ಕೊಂಡು ಹೋಗ್ತಾಳೆ ಅಂತ ಫೋನಿನಲ್ಲಿ ನಾದಿನಿ ಅತ್ತದ್ದು, ಅದನ್ನಂತೂ ಹೇಳೇ ಇಲ್ಲ, ಹಾಗಿದ್ದರೆ ಇದು ಕೆಟ್ಟೇ ಇರಲಿ ಅಂತ ಅವಳೊಳಗೆ ಯಾರೋ ಮೆಲ್ಲಗೆ ಅಂದರು, ಛೆ, ಬಾಯ್ಮುಚ್ಚು, ಅಂಚು ಸವೆಯುತ್ತಿದೆ.

ಗಂಡನಿಗೆ ಫೋನು ಮಾಡಿದರೆ ಅವನು ಯಾವುದೋ ಕಟ್ಟಡದಲ್ಲಿ ಕೆಟ್ಟುನಿಂತ ಲಿಫ್ಟಿನ ನೆತ್ತಿಯ ಮೇಲಿದ್ದಾನೆ, ಮಾತಿನ ಹಿಂದೆ ಬಾವಿಯೊಳಗಿನಂಥ ಸದ್ದು, ಆರಿಸಿ ಹಾಕಿದ್ಯಾ? ಹಾಕ್ದೆ. ಇನ್ನೊಂದ್ಸಲ ಆರಿಸಿ ಹಾಕು. ನೀನು ಅಲ್ಲಿ ಮಾಡೋದೂ ಇದೇನಾ? ಮತ್ತಿನ್ನೇನು ಅಂದ್ಕೊಂಡಿದ್ದೆ, ಸಂಬಳ ಕೊಡೋದೇ ಅದಕ್ಕೆ — ಇನ್ನೊಂದು ಸಲ ಆರಿಸಿ ಹಾಕಿದಳು, ಪರದೆ ಕತ್ತಲಾಯಿತು, ಕತ್ತಲಲ್ಲಿ ಅವಳದೇ ಮುಖ, ಹುಬ್ಬು ಗಂಟಿಕ್ಕಿದ ಮುಖ, ಮತ್ತೆ ಬೆಳಕು, ಎರಡು ಕೀಲಿ, ಮಿಂಚು, ಮಾಯ. ಒಳಗೆ ಏನೇನು ನಡೆಯುತ್ತಿದೆ ಅಂತ ತೋರಿಸುವ ಪಟ್ಟಿ ತೆಗೆದಳು, ಅಬ್ಬಾ, ಒಂದರ ಕೆಳಗೊಂದು ಒಂದರ ಕೆಳಗೊಂದು ಅದೇ ಹೆಸರು, ಭೂತಗನ್ನಡಿ, ಭೂತಗನ್ನಡಿ, ಕಂಪ್ಯೂಟರು ಹಾಕಿದ ಕೂಡಲೇ ತಾನಾಗಿ ಎದ್ದದ್ದು ಒಂದು, ಕೀಲಿ ಒತ್ತಿದಾಗಲೆಲ್ಲ ಇನ್ನೊಂದು, ಬಾಗಿಲಲ್ಲಿ ಸಿಕ್ಕಿಕೊಂಡ ಜನರ ಹಾಗೆ ನಾ ಮೊದಲು ನಾ ಮೊದಲು ಅಂತ ನೂಕಾಡುತ್ತಿವೆ, ಯಾವುದೂ ಹೊರಗೆ ಬರುತ್ತಿಲ್ಲ. ಒಂದೊಂದನ್ನೇ ನಿಲ್ಲಿಸಿದಳು, ತಾನಾಗಿ ಏಳಲಿ ಅಂತ ಇದ್ದ ಗುರುತು ತೆಗೆದಳು, ಉಸಿರು ಬಿಗಿಹಿಡಿದು ಎರಡು ಕೀಲಿ ಒತ್ತಿದಳು, ಬಂತು! ಬಂತು, ಆದರೆ ಇದೇನು ಬಂದದ್ದು, ಬಲಗಡೆಯ ಮೇಲ್ಮೂಲೆಗೆ ಹೋಗಿ ಅಂಟಿಕೊಂಡಿದೆ, ಮೌಸು ಎಲ್ಲಿಗೆ ಎಳೆದರೂ ಅದು ಅಲ್ಲೇ, ಒಳಗಿನ ಬಣ್ಣವೆಲ್ಲ ತಿರುವುಮುರುವು, ಕಪ್ಪಿದ್ದದ್ದು ಬಿಳಿ, ಬಿಳಿಯಿದ್ದದ್ದು ಕಪ್ಪು, ಮಗುವಿನ ಫೋಟೊ ತೆರೆದರೆ ಚೌಕದೊಳಗೆ ಹಾಲಿನಂಥ ಬೆಳಕಿನಲ್ಲಿ ಬೂದಿಬಣ್ಣದ ಒಂದು ಜೀವ, ನಳಿಗೆಗಳು ಕರಿಯ ಬಳ್ಳಿಗಳು, ಟೋಪಿಯ ಕೆಳಗೆ ಒಂದು ಚುಕ್ಕೆ, ಸಾಸಿವೆಯಷ್ಟು, ಕಪ್ಪು. ಧೂಳು. ಅಂಗಿಯ ತೋಳಿನ ತುದಿಯಿಂದ ಒರೆಸಿದಳು, ಹೋಗಲಿಲ್ಲ, ಉಗುರಿನಿಂದ ಕೆರೆದಳು, ಹೋಗಲಿಲ್ಲ, ಇರಲಿ, ಮೊದಲು ಬಣ್ಣ. ಬಣ್ಣ ಸರಿಮಾಡಿದಳು, ಚೌಕವನ್ನು ನಡುವಿಗೆ ತಂದಳು, ಈಗ ಫೋಟೊ ಫೋಟೊದ ಹಾಗಿದೆ, ಮಬ್ಬುಗತ್ತಲ ಕೋಣೆ, ಗಾಜಿನ ಮೇಲೆ ಹತ್ತಾರು ಹೊಳಪು, ಟೋಪಿಯ ನೆರಳಲ್ಲಿ ಮುಖ ಇದೆಯೋ ಇಲ್ಲವೋ, ಇದನ್ನು ಅತ್ತೆ ಏನು ನೋಡಿಯಾರು, ಚುಕ್ಕೆಯೂ ಎಲ್ಲಿ ಹೋಯಿತೋ, ಅಂತೂ ಸರಿಹೋಯಿತಲ್ಲ ಅಂದುಕೊಂಡು ಬೆನ್ನು ಸಡಿಲಿಸಿ ಕುರ್ಚಿಗೆ ಒರಗಿದಳು, ಕುರ್ಚಿ ಸೊಟ್ಟಗಿದೆ.

ಯಾವಾಗಲೂ ಸೊಟ್ಟಗೇ ಇರುತ್ತದೆ, ಕಸ ಗುಡಿಸುವಾಗೆಲ್ಲ ಅವಳು ಅದನ್ನು ಮೇಜಿಗೆ ನೇರ ಮಾಡುತ್ತಾಳೆ, ಸಂಜೆಯ ಹೊತ್ತಿಗೆ ಅದು ಮತ್ತೆ ಕಿಟಕಿಯ ಕಡೆಗೆ, ಈ ಅತ್ತೆಗೆ ಒಂದು ಕುರ್ಚಿ ನೆಟ್ಟಗಿಡಲು ಏನು ಕಷ್ಟ — ಕುರ್ಚಿ ಕೂರಿಸಿದ ಹಾಗೆ ಕೂತರೆ ಮುಖ ಕಿಟಕಿಗೆ, ಮೋಡ, ಎದುರು ಗೋಡೆಯ ಮೇಲೊಂದು ಪಾರಿವಾಳ, ಆದರೆ ಬಲಮೂಲೆ, ಪರದೆಯ ಬಲಮೂಲೆ ಮಾತ್ರ ಕಣ್ಣಂಚಿಗೆ ಸರಿಯಾಗಿ ತಾಗುತ್ತಿದೆ. ಆ ಚೌಕ ಕೆಟ್ಟು ಅಂಟಿಕೊಂಡದ್ದಲ್ಲ. ಅಲ್ಲಿ ಇಟ್ಟದ್ದು. ಮೋಡ ನೋಡುವವರ ಹಾಗೆ ಕೂತು ಅತ್ತೆ ಇಷ್ಟು ದಿನವೂ ಪಕ್ಕದ ನೋಟದಿಂದ, ಉಳಿದ ಆ ಒಂದು ಎಳೆಯಿಂದ, ಅಕ್ಷರ ಅಕ್ಷರ ಹಿಡಿದು ಓದುತ್ತಿದ್ದರು, ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲದೆ! ಹಾಗಾದರೆ ಬಣ್ಣ? ಬಣ್ಣವೂ. ಅತ್ತೆ ಅರ್ಧ ಆಯುಷ್ಯ ಫೋಟೊ ಸ್ಟುಡಿಯೋದಲ್ಲಿ ನೆಗೆಟಿವ್, ಆ ತಿರುವುಮುರುವು ಬಣ್ಣದ ಫಿಲ್ಮು, ತಿದ್ದಿದವರು, ಗಾಜಿಗೆ ನೆಗೆಟಿವ್ ಒತ್ತಿಟ್ಟು ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ ಸುಕ್ಕು ಕಲೆ ಅಳಿಸಿದವರು, ನಮಗೆ ಜನರ ಗುರುತು ಹತ್ತೋದೇ ಕಪ್ಪು ಹಲ್ಲು ಬಿಳಿ ಕೂದಲಲ್ಲಿ ಕಣೇ, ಬೀದೀಲಿ ಎದುರಿಗೆ ಬಂದ್ರೆ ಯಾರಪ್ಪ ಇದು ಅನ್ಸೋದು ಅಂತ ನಗುತ್ತಿದ್ದವರು. ಫೋಟೊದಲ್ಲಿ ಕಣ್ಣು ಸತ್ತ ಹಾಗೆ ಬಂದಿದ್ದರೆ ಮಾಲೀಕ ಅದನ್ನು ಅವರ ಮುಂದೆ ತಳ್ಳುತ್ತಿದ್ದನಂತೆ, ಅಕ್ಕ ಸ್ವಲ್ಪ ಜೀವ ಹಾಕಿ, ಅವರು ನೆಗೆಟಿವ್ ಮೇಲೆ ಕಣ್ಣುಗುಡ್ಡೆಯ ಜಾಗ ನೋಡಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುವುದು, ಒಂದೇ ಒಂದು ಕಪ್ಪು ಚುಕ್ಕೆ, ಕಾಗದದ ಮೇಲೆ ಮೂಡುವಾಗ ಅದು ಬೆಳಕಾಗಿ ಮನುಷ್ಯ ಎದ್ದು ನೋಡಿದ ಹಾಗೆ — ಗೊರಕೆ ಯಾವಾಗ ನಿಂತಿತು? ಬಣ್ಣವನ್ನು ಮತ್ತೆ ತಿರುಗಿಸಿದಳು, ಚೌಕವನ್ನು ಮೂಲೆಗೆ ಕಳಿಸಿದಳು, ತಾನು ಎದ್ದು ಕುರ್ಚಿಯನ್ನು ಇನ್ನಷ್ಟು ಸೊಟ್ಟಗೆ ಎಳೆದಳು, ಗೋಡೆ ತಡವುತ್ತ ಅತ್ತೆ ಬಂದರು, ಸರಿಯಾಯ್ತೇನೇ? ಆಯ್ತು ಅತ್ತೆ. ಕೂತರು, ಕಿಟಕಿಯ ಕಡೆ ಮುಖ ಮಾಡಿದರು, ಪಾರಿವಾಳ ಹಾರಿಹೋಯಿತು, ಅವರು ಅದನ್ನು ನೋಡುತ್ತಿರಲಿಲ್ಲ. ಕೈ ಮೌಸಿನ ಮೇಲೆ ನಿಧಾನ, ಕೂದಲೆಳೆಯಷ್ಟೇ ಸರಿಯುತ್ತ, ಹಾಲಿನಂಥ ಬೆಳಕಿನಲ್ಲಿ ಬೂದಿಯ ತೋಳು ದಾಟಿತು, ಕರಿಯ ಬಳ್ಳಿ ದಾಟಿತು, ಇದು ನಳಿಗೆ ಅಲ್ವೇನೇ, ಹೌದು ಅತ್ತೆ, ಹೇಳ್ಬಾರದಿತ್ತಾ, ಮುಚ್ಚಿಡೋಕೆ ನಾನೇನು ಹಸುಗೂಸಾ, ಇನ್ನೂ ಇದೆ ಅತ್ತೆ, ಅದು — ಅದಿನ್ನೂ ಕಣ್ಣು ಬಿಟ್ಟಿಲ್ಲವಂತೆ. ಕೈ ನಿಂತಿತು. ಯಾರು ಹೇಳಿದ್ದು? ಎಲ್ಲರೂ. ಅತ್ತೆಯ ಕೈ ಮತ್ತೆ ಸರಿಯಿತು, ಚೌಕದೊಳಗೆ ಟೋಪಿಯ ಅಂಚು ಬಂತು, ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಒರೆಸಿದರೂ ಹೋಗದ ಆ ಸಾಸಿವೆ, ಕೆರೆದರೂ ಹೋಗದ್ದು, ಅದು ಧೂಳು ಅತ್ತೆ, ಇಲ್ಲಾಂದ್ರೆ ಗಾಜಿನ ಹೊಳಪು. ಗಾಜಿನ ಹೊಳಪು ಚಪ್ಪಟೆ ಇರುತ್ತೆ ಕಣೇ, ಇದು ದುಂಡಗಿದೆ, ಮೇಲೊಂದು ರೆಪ್ಪೆಯ ಗೀಟು, ಕೆಳಗೊಂದು ಗೀಟು, ನಡುವೆ ಕಣ್ಣುಗುಡ್ಡೆ ಮೇಲೆ ಕೂತಿದೆ ನೋಡು — ನೋಡಿದಳು, ಗೀಟು, ಗೀಟು, ಅಕ್ಕಿಕಾಳಿನಷ್ಟು ಸಂದು, ಅತ್ತೆಯ ಹೆಬ್ಬೆರಳೂ ತೋರುಬೆರಳೂ ಗಾಳಿಯಲ್ಲಿ ಪೆನ್ಸಿಲ್ ಹಿಡಿದ ಹಾಗೆ ಕೂಡಿಕೊಂಡಿವೆ, ಎಷ್ಟು ಸಾವಿರ ಚುಕ್ಕೆ ಇಟ್ಟಿದ್ದೀನೋ ಗಾಬರಿ, ಇಷ್ಟು ಸರಿಯಾದ ಜಾಗದಲ್ಲಿ ಒಂದೂ ಇಟ್ಟಿಲ್ಲ, ಇದನ್ನ ಯಾರೂ ಇಟ್ಟಿಲ್ಲ ಕಣೇ, ಮಗು ಕಣ್ಣು ಬಿಟ್ಟಿದೆ — ನಾದಿನಿಗೆ ಫೋನು ಮಾಡಬೇಕು, ಈಗಲೇ, ಫೋನು ಎಲ್ಲಿ, ಕೈಯಲ್ಲೇ ಇದೆ, ಕೈ ಏಳುತ್ತಿಲ್ಲ, ಕಿಟಕಿಯ ಮೋಡ ಎಲ್ಲಿ ಹೋಯಿತು, ಕೋಣೆ ಎಲ್ಲಿ ಹೋಯಿತು, ಬಿಳಿ, ಬರೀ ಬಿಳಿ, ಬಿಳಿಯ ನಡುವೆ ಸಾಸಿವೆಯಷ್ಟು ಕಪ್ಪು, ಅವಳನ್ನೇ ನೋಡುತ್ತಿರುವ ಚುಕ್ಕೆ, ಚುಕ್ಕೆ —